ಮಂಚಯ್ಯನ ಹಿತ್ತಾಳೆ ರೂಪಾಯಿ

ಹಾಸನದಲ್ಲಿ ಹಳೇ ನಾಣ್ಯದ ಅಂಗಡಿ ಇಟ್ಟಿರುವ ದೇವರಾಜ್, ಹಳ್ಳಿಮೈಸೂರಿನ ಶೋಭಿತಾಳ ಮನೆಗೆ ಒಂದಲ್ಲ ಒಂದು ದಿನ ಬಂದೇ ಬರುತ್ತಾನೆಂದು ಅವಳು ಹದಿನೈದು ವರ್ಷದಿಂದ ಕಾದಿದ್ದಳು.

ಅವಳ ಮುತ್ತಾತ ಮಂಚಯ್ಯ ಎರಡನೇ ಮಹಾಯುದ್ಧದ ಕಾಲದಲ್ಲಿ ದೂರದ ಟಂಕಸಾಲೆಯೊಂದರಲ್ಲಿ ಕುಲುಮೆ ಕೆಲಸಕ್ಕಿದ್ದ. ಬೆಳ್ಳಿ ಸಾಲದೆ ಹೋದಾಗ ಅಲ್ಲಿನವರು ಹಿತ್ತಾಳೆಯಲ್ಲಿ ಐದಾರು ರೂಪಾಯಿ ನಾಣ್ಯಗಳನ್ನು ಮಾದರಿಗೆ ಹೊಡೆದು ನೋಡಿ ಕೈಬಿಟ್ಟರು. ಕುಲುಮೆಯಲ್ಲಿ ಕೈ ಸುಟ್ಟುಕೊಂಡು ಊರಿಗೆ ಹೊರಟ ಮಂಚಯ್ಯನಿಗೆ ಅಲ್ಲಿನ ಸಾಹೇಬ ಅದರಲ್ಲೊಂದನ್ನು ಕೊಟ್ಟು, ಕೊಟ್ಟಿದ್ದೇನೆಂದು ಕಾಗದವನ್ನೂ ಬರೆದುಕೊಟ್ಟಿದ್ದ.

ತಾತ ಸಣ್ಣಯ್ಯ ಆ ನಾಣ್ಯವನ್ನು ದೇವರಾಜನಿಗೆ ತೋರಿಸಲು ಹೋದಾಗ ಶೋಭಿತಾ ಏಳನೇ ಕ್ಲಾಸು, ಜೊತೆಗಿದ್ದಳು. ಅವನು ತಾತನನ್ನು ಅಂಗಡಿಯ ಮೆಟ್ಟಿಲು ಹತ್ತಗೊಡಲಿಲ್ಲ. "ಎಲ್ಲಿ ಕದ್ದೆಯಯ್ಯ ಇದ್ನ? ಪೊಲೀಸ್ನೋರ ಕರೀಲಾ?" ಎಂದು ನಾಣ್ಯ ಇಟ್ಟುಕೊಂಡು ಅಟ್ಟಿಬಿಟ್ಟ. ಮರುದಿನ ತಾತ ಕಾಗದ ಹಿಡಿದು ಹೋದರೆ, "ಯಾವ ನಾಣ್ಯ?" ಎಂದ. ತಾತ ಕಳ್ಳನೆಂಬ ಮಾತು ಹೊತ್ತೇ ಸತ್ತ.

ಈಗ ದೇವರಾಜ್ ಆ ನಾಣ್ಯವನ್ನು ಮುಂಬೈಯಲ್ಲಿ ಹರಾಜಿಗಿಡಲು ಹೋದಾಗ ಅಲ್ಲಿನವರು, ಅದು ಟಂಕಸಾಲೆಯಿಂದ ಕದ್ದದ್ದಲ್ಲ ಎನ್ನಲು ಪುರಾವೆ ಕೇಳಿದ್ದರು. ದೇವರಾಜ್ ಕಾರು ಮಾಡಿಕೊಂಡು ಬಂದ.

"ಆ ಕಾಗದ ಕೊಡಮ್ಮ. ಹತ್ತು ಲಕ್ಷ ಕೊಡ್ತೀನಿ."

"ನಾಣ್ಯ ವಾಪಸ್ ಕೊಡಿ ಸಾ. ನಮ್ ತಾತ ಕಳ್ಳ ಅಲ್ಲ ಅಂತ ಬರ್ಕೊಡಿ."

"ನಾಣ್ಯ ನಿಮ್ದು ಅನ್ನಕ್ಕೆ ಸಾಕ್ಷಿ ಯಾರವ್ರೆ? ಸುಮ್ನೆ ದುಡ್ಡು ತಗೋ."

ಶೋಭಿತಾ ಒಳಗಿನಿಂದ ಕಾಗದ ತಂದು ಅವನ ಕಣ್ಣ ಮುಂದೆ ಹಿಡಿದಳು. ಅವನು ಪೂರ್ತಿ ಓದುವವರೆಗೆ ಬಿಟ್ಟಳು. ಫೋಟೊ ತೆಗೆಯಲು ಅವನು ಫೋನಿಗೆ ಕೈ ಹಾಕಿದ್ದೇ ತಡ, ಅಡುಗೆಮನೆಗೆ ನಡೆದು ಅದನ್ನು ಗ್ಯಾಸ್ ಒಲೆಯ ಉರಿಗೆ ಹಿಡಿದಳು. ದೇವರಾಜ್ ಓಡಿಬಂದು ಬಾಗಿಲಲ್ಲೇ ನಿಂತುಬಿಟ್ಟ.

"ಇನ್ನ ಅದು ಕದ್ದ ಮಾಲೇ ಸಾ," ಎಂದಳು ಶೋಭಿತಾ. "ನೀವೇ ಇಟ್ಕೊಳಿ."

ಕಾರು ಹೋದ ಮೇಲೆ ಅಜ್ಜಿ ಬೆಟ್ಟಮ್ಮ ಹಿತ್ತಿಲಿಂದ ಬಂದಳು. ಎಲ್ಲ ಕೇಳಿ ಗೋಡೆಗೊರಗಿ ಕೂತಳು.

"ನಿಮ್ ತಾತ ಕಳ್ಳ ಅಲ್ಲ ಅನ್ನಕ್ಕೆ ನಮ್ಗೂ ಅದೊಂದೇ ಇದ್ದುದು ಕಣವ್ವ," ಎಂದಳು.

ಶೋಭಿತಾಗೆ ಅದು ಗೊತ್ತಿತ್ತು. ಒಲೆಯ ಮೇಲಿನ ಬೂದಿ ಒರೆಸಿದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಸರಿದಳು.

"ಕಾಗದ ಉರಿಯೋವಾಗ ಅವ್ನ ಮಕ ಎಂಗಿತ್ತು? ಇನ್ನೊಂದ್ಸಲ ಹೇಳು."