ನಾಲ್ಕನೆಯವನಿಗೆ ತಗಡು

ಆಸ್ಟ್ರಿಯಾದ ನಮ್ಮ ಟಿರೋಲಿನಲ್ಲಿ ಮೊದಲನೆಯವನಿಗೆ ಚಿನ್ನ, ಎರಡನೆಯವನಿಗೆ ಬೆಳ್ಳಿ, ಮೂರನೆಯವನಿಗೆ ಕಂಚು, ನಾಲ್ಕನೆಯವನಿಗೆ ತಗಡು. ತಗಡಿನ ಪದಕವನ್ನು ಯಾರೂ ವೇದಿಕೆ ಮೇಲೆ ಕೊಡುವುದಿಲ್ಲ. ಊರಿನವರೇ ಬಾಯಲ್ಲಿ ತೊಡಿಸುತ್ತಾರೆ, ಆಮೇಲೆ ಜನ್ಮದಲ್ಲಿ ಬಿಚ್ಚುವುದಿಲ್ಲ. ನನ್ನ ಅಕ್ಕ ಬುರ್ಗಿಯ ಮಗ ಕಾಸಿಯಾನ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ, ಹಿಮದ ಬೆಟ್ಟದಿಂದ ಸ್ಕೀ ಮೇಲೆ ಇಳಿಯುವ ಡೌನ್‌ಹಿಲ್ ಓಟದಲ್ಲಿ, ಮೂರು ಸಲ ನಾಲ್ಕನೆಯವನಾಗಿದ್ದ. ಬೇಕರಿಯವಳು ಕೂಡ ಅವನಿಗೆ ಬನ್ನು ಕಟ್ಟುವಾಗ "ನಿಂಗೆ ನಾಲ್ಕೇ ತಾನೆ?" ಎಂದು ನಗುತ್ತಿದ್ದಳು.

ಈ ಸಲ ಚಾಂಪಿಯನ್‌ಶಿಪ್ ನಮ್ಮೂರಿನ ಬೆಟ್ಟದಲ್ಲೇ. ಕಾಸಿಯಾನ್‌ಗೆ ಮೂವತ್ತನಾಲ್ಕು ವರ್ಷ. ಪದಕ ಬರಲಿ, ಬಿಡಲಿ, ಇದೇ ಕೊನೆಯ ಓಟ ಎಂದು ತಾಯಿಗೆ ಮಾತು ಕೊಟ್ಟಿದ್ದ. ಅವನು ಓಡಿದ ಅಷ್ಟೂ ಓಟಗಳನ್ನು ಅಕ್ಕ ಕಣ್ಣು ಮುಚ್ಚಿಕೊಂಡೇ ನೋಡಿದವಳು.

ನಾನು ಗೆಬ್‌ಹಾರ್ಟ್. ಮೂವತ್ತೊಂದು ವರ್ಷ, ಹಿಮದ ಮೇಲೆ ಚೆನ್ನಾಗಿ ಜಾರಲೆಂದು ಸ್ಕೀಗಳ ಅಡಿಗೆ ಮೇಣ ಹಚ್ಚಿದವನು. ಕಾಸಿಯಾನ್‌ನ ಮೊದಲ ಜೋಡಿಯಿಂದ ಹಿಡಿದು ಎಲ್ಲವೂ ನನ್ನ ಕೈಯಲ್ಲೇ ಆಗಿದ್ದು. ಮೂರು ವರ್ಷದ ಹಿಂದೆ ಅವನಿಗೆ ಸ್ಕೀ ಕೊಡುವ ಕಂಪನಿ ಈ ಕೆಲಸಕ್ಕೆ ಬೇರೊಬ್ಬನನ್ನು ಕಳಿಸಿತು. ಆ ಮಹಾಶಯ ಹಿಮದ ಜ್ವರ ನೋಡುವುದಕ್ಕೇ ಮೂರು ಥರ್ಮಾಮೀಟರ್ ಇಟ್ಟುಕೊಂಡವನು. "ಅಜ್ಜಾ, ಇನ್ನು ಇದನ್ನೆಲ್ಲ ಮುಟ್ಟಬೇಡಿ" ಎಂದ. ಕಾಸಿಯಾನ್ ಪಕ್ಕದಲ್ಲೇ ನಿಂತಿದ್ದ, ಬೂಟಿನ ದಾರ ನೋಡುತ್ತ. ಒಂದು ಮಾತೂ ಆಡಲಿಲ್ಲ. ನನಗೆ ನೋವಾಯಿತು. ಮನೆಯಲ್ಲಿ ನಾಲ್ಕು ಕೋಣೆ ಬಾಡಿಗೆಗೆ ಕೊಡುತ್ತ ಕೂತೆ.

ಆ ಕೋಣೆಗಳಿಗೆ ಬರುವವರು ಹೆಚ್ಚಿನವರು ಡಚ್ಚರು. ಆಲೂಗಡ್ಡೆಯನ್ನೂ ಊರಿನಿಂದಲೇ ಕಾರಲ್ಲಿ ತುಂಬಿಕೊಂಡು ಬರುವ ಜನ. ಈ ಸಲ ಬಂದವರಲ್ಲಿ ಒಬ್ಬ ಯೋರಿಸ್. ಚಾಂಪಿಯನ್‌ಶಿಪ್ಪಿನಲ್ಲೇ ಓಡುವವನು! ಸಮುದ್ರಕ್ಕಿಂತ ತಗ್ಗಿನಲ್ಲಿರುವ ದೇಶದಿಂದ ಡೌನ್‌ಹಿಲ್‌ಗೆ ಬಂದ ಪುಣ್ಯಾತ್ಮ. ಎದೆಯ ಮೇಲಿನ ನಂಬರು ನಲವತ್ತಮೂರು, ಇಳಿಯುವ ಸರದಿಯೂ ಅದೇ. ಓಟದ ಹಿಂದಿನ ಮಧ್ಯಾಹ್ನ ನಮ್ಮ ನೆಲಮಾಳಿಗೆಯಲ್ಲಿ ತಾನೇ ಮೇಣ ಹಚ್ಚಿಕೊಳ್ಳುತ್ತಿದ್ದ.

"ಏನಪ್ಪಾ ಮಾಡ್ತಿದೀಯಾ?" ಎಂದೆ.

"ಮೇಣ ಹಚ್ತಿದೀನಿ, ಗೆಬ್‌ಹಾರ್ಟ್ ಅವರೇ."

"ಮೇಣಾನಾ? ನಾನು ಬ್ರೆಡ್ಡಿಗೆ ಬೆಣ್ಣೆ ಅಂದ್ಕೊಂಡೆ. ಸರಿ ಆ ಕಡೆ."

ನೋಡಲಾಗಲಿಲ್ಲ, ಅಷ್ಟೇ. ಬೇರೆ ಯಾವ ದುರುದ್ದೇಶವೂ ಇರಲಿಲ್ಲ ಎಂದು ಯಾವ ಪಾದ್ರಿಯ ಮುಂದೆ ಬೇಕಾದರೂ ಹೇಳುತ್ತೇನೆ. ರಾತ್ರಿ ಹೊಸ ಹಿಮ ಬೀಳುವುದು ನನಗೆ ಗೊತ್ತಿತ್ತು. ಮೊದಲು ಇಳಿಯುವ ದೊಡ್ಡವರೆಲ್ಲ ಆ ಪುಡಿಯನ್ನು ಗುಡಿಸುತ್ತ ಇಳಿಯುತ್ತಾರೆ. ನಲವತ್ತರ ನಂತರದವನಿಗೆ ದಾರಿ ಗಾಜಿನಂತೆ ಸಿಗುತ್ತದೆ. ಆ ದಾರಿಗೆ ತಕ್ಕ ಮೇಣ ಹಾಕಿದೆ, ಹೆರೆದೆ, ತೋಳು ಬೀಳುವವರೆಗೆ ಬ್ರಷ್ಷಿನಿಂದ ಉಜ್ಜಿದೆ. ಮೂರು ವರ್ಷದಲ್ಲಿ ಅಷ್ಟು ಚೆನ್ನಾದ ಮಧ್ಯಾಹ್ನ ಕಳೆದಿರಲಿಲ್ಲ.

ಮರುದಿನ ಹಾಗೇ ಆಯಿತು. ಕಾಸಿಯಾನ್ ಹನ್ನೊಂದನೆಯವನಾಗಿ ಪುಡಿಹಿಮದಲ್ಲೇ ಹುಲಿಯಂತೆ ಇಳಿದು ಮೂರನೆಯ ಸ್ಥಾನದಲ್ಲಿ ನಿಂತ. ಮೂವತ್ತು ಜನ ಇಳಿದರೂ ಅವನನ್ನು ಯಾರೂ ಅಲುಗಾಡಿಸಲಿಲ್ಲ. ಇನ್ನು ಇಳಿಯುವವರು ಲೆಕ್ಕಕ್ಕಿಲ್ಲವೆಂದು ಟಿವಿಯವರು ಜಾಹೀರಾತು ಹಾಕಿಕೊಂಡರು. ಮೂವರಿಗೂ ಹೂಗುಚ್ಛ ಕೊಟ್ಟಾಯಿತು. ಊರಿನ ಬ್ಯಾಂಡು ಶುರುವಾಯಿತು, ಹಸುವಿನ ಗಂಟೆ ಹಿಡಿದವರೆಲ್ಲ ಕುಣಿದರು. ಬೇಲಿಯ ಈಚೆ ಅಕ್ಕ ನನ್ನ ಕೊರಳಿಗೆ ಜೋತುಬಿದ್ದು ಅತ್ತಳು.

"ಕಂಚು ಕಣೋ, ಗೆಬ್ಬಿ! ಆ ಬೇಕರಿಯವಳ ಮುಖ ನೋಡ್ಬೇಕು ನಾನು!"

ಅಷ್ಟರಲ್ಲಿ ನಲವತ್ತಮೂರನೆಯವನು ಹೊರಟ. ದಾರಿಯ ಮೊದಲ ಗಡಿಯಾರದಲ್ಲಿ ಬೋರ್ಡು ಹಸಿರಾಯಿತು. ಹಸಿರೆಂದರೆ ಕಾಸಿಯಾನ್‌ಗಿಂತ ಮುಂದೆ. ಜನ ನಕ್ಕರು. ಎರಡನೆಯದರಲ್ಲೂ ಹಸಿರು. ಡೋಲಿನವನು ಕೈ ನಿಲ್ಲಿಸಿದ. ಮೂರನೆಯದರಲ್ಲೂ ಹಸಿರೇ ಬಂದಾಗ ಇಪ್ಪತ್ತು ಸಾವಿರ ಜನ ಗಂಟೆ ಆಡಿಸುವುದನ್ನು ಒಮ್ಮೆಗೇ ನಿಲ್ಲಿಸಿದರು. ಆ ಮೌನದಲ್ಲಿ ಯಾವನೋ ನಾಚಿಕೆಗೆಟ್ಟವನು ಕಿರುಚಿದ: "ಬಗ್ಗು! ಬಗ್ಗೋ ಮಗನೇ, ಏಳಬೇಡ! ಸ್ಕೀ ಓಡಲಿ ಬಿಡು!"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಸೆಕೆಂಡಿನ ನೂರರಲ್ಲಿ ಎರಡು ಭಾಗ. ಅಷ್ಟರಲ್ಲಿ ಯೋರಿಸ್ ಮೂರನೆಯವನು, ನಮ್ಮ ಹುಡುಗ ನಾಲ್ಕನೆಯವನು.

"ಯಾರ ಕಡೆಯವನೋ ನೀನು?" ಅಕ್ಕ ಕೊರಳು ಬಿಟ್ಟು ಕಾಲರ್ ಹಿಡಿದಳು. "ಆ ತಗ್ಗಿನ ದೇಶದವನಿಗೆ ಇಂಥ ಸ್ಕೀ ಮಾಡಿಕೊಟ್ಟ ಪಾಪಿ ಯಾರೋ?"

ನಾನು ಗೊತ್ತಿಲ್ಲ ಎನ್ನಬೇಕು, ಅಷ್ಟರಲ್ಲಿ ಯೋರಿಸ್ ಮೈಕಿನ ಮುಂದೆ ನಿಂತು ನಮ್ಮೂರಿಗೆಲ್ಲ ಕೇಳುವಂತೆ ಹೇಳಿಬಿಟ್ಟ: "ನಾನು ಉಳ್ಕೊಂಡಿರೋ ಮನೆಯ ಗೆಬ್‌ಹಾರ್ಟ್ ಅವರಿಗೆ ತುಂಬಾ ಥ್ಯಾಂಕ್ಸ್. ಸ್ಕೀ ಅವರೇ ರೆಡಿ ಮಾಡಿದ್ದು. ಅದಕ್ಕೆ ದುಡ್ಡೂ ತಗೊಳ್ಳಲಿಲ್ಲ!"

ದೇವರಾಣೆ, ಆ ಕೊನೆಯ ಮಾತು ಬೇಕಿರಲಿಲ್ಲ. ಬ್ಯಾಂಡಿನವರು ನನ್ನತ್ತ ನೋಡಿದ ನೋಟಕ್ಕೆ ಹಿತ್ತಾಳೆ ಕರಗಬೇಕು. ಕಾಸಿಯಾನ್ ಹೂಗುಚ್ಛವನ್ನು ಯೋರಿಸ್‌ನ ಕೈಗೆ ಕೊಟ್ಟು ಬೆನ್ನು ತಟ್ಟಿದ. ಆಮೇಲೆ ನೇರ ಬೇಲಿಯ ಹತ್ತಿರ ಬಂದ. ಹೊಡೆದರೆ ಹೊಡೆಸಿಕೊಳ್ಳಬೇಕೆಂದು ಟೋಪಿ ತೆಗೆದು ನಿಂತೆ.

"ಮಾವ, ಮೂರು ವರ್ಷದಿಂದ ನಂಗೋಸ್ಕರ ಒಂದ್ಸಲನೂ ಹಾಗೆ ಕೂಗಲಿಲ್ಲ ನೀನು."

"ನಿನ್ನ ಕಾಲಡಿ ನಂದೇನಿತ್ತೋ ಕೂಗೋದಕ್ಕೆ?"

ಅವನು ನನ್ನ ಮುಖ ನೋಡಿಯೇ ಹೇಳಿದ. "ಆವತ್ತು ನಾನು ಮಾತಾಡಬೇಕಿತ್ತು, ಮಾವ. ತಪ್ಪಾಯ್ತು."

ಎದೆಯೊಳಗೆ ಅಷ್ಟು ದಿನ ಬೆಚ್ಚಗೆ ಸಾಕಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. ಇಡೀ ಊರಿನ ಮುಂದೆ ಟೋಪಿಯಲ್ಲಿ ಮೂಗು ಒರೆಸಿಕೊಂಡೆ. ಅವನ ಪದಕ ನಾನೇ ಕಿತ್ತುಕೊಂಡಿದ್ದೆ, ಕ್ಷಮೆ ಅವನು ಕೇಳುತ್ತಿದ್ದ.

"ಮುಂದಿನ ಚಾಂಪಿಯನ್‌ಶಿಪ್ ಎರಡು ವರ್ಷಕ್ಕೆ," ಎಂದ ಮೆಲ್ಲಗೆ. "ನಂಗೆ ಮೂವತ್ತಾರು ಆಗಿರತ್ತೆ."

"ನಂಗೆ ಎಪ್ಪತ್ತು," ಎಂದೆ.

"ಏನ್ರೋ ಅದು ಗುಸುಗುಸು?" ಅಕ್ಕ ನಡುವೆ ತಲೆ ತೂರಿಸಿದಳು. "ಯಾವ ಎರಡು ವರ್ಷ?"

ಕಾಸಿಯಾನ್ ತನ್ನ ಸ್ಕೀಗಳನ್ನು ಬೇಲಿಯ ಮೇಲಿಂದ ದಾಟಿಸಿದ. ನಾನು ಅವನ್ನು ಹೆಗಲಿಗೇರಿಸಿಕೊಂಡು, ಅವಳ ಕಣ್ಣು ತಪ್ಪಿಸಿ, ಮನೆಯ ನೆಲಮಾಳಿಗೆಯ ಕಡೆ ಹೊರಟೆ.