ಸೀತಾಳೆ ಕಾದ ಲೈನ್‌ಮನ್

ವೆಂಕಟ್ರಮಣನ ಕಾಲ್ಬೆರಳುಗಳಲ್ಲಿ ಉಗುರು ನೆಟ್ಟಗಿರುವುದು ಮೂರೋ ನಾಲ್ಕೋ. ಉಳಿದವನ್ನು ಸಿದ್ದಾಪುರ ಸೀಮೆಯ ಕಲ್ಲುಬೇರುಗಳು ಕಿತ್ತುಕೊಂಡಿವೆ. ನೆಲ ನೋಡಿ ನಡೆದವನೇ ಅಲ್ಲ ಆಸಾಮಿ. ಕರೆಂಟ್ ಲೈನ್‌ಮನ್ ಅಂದಮೇಲೆ ತಂತಿ ನೋಡುವುದು ಧರ್ಮವೇ ಸರಿ, ಆದರೆ ಆ ಚಂಚಲ ದೃಷ್ಟಿ ತಂತಿಯಿಂದ ಜಾರಿ ಮತ್ತಿಮರದ ಕವಲಿಗೆ, ಅಲ್ಲಿಂದ ಹೊನ್ನೆಯ ತುದಿಗೆ, ಎಲ್ಲಾದರೊಂದು ಕಾಡುಹೂವು ಕಂಡೀತೇ ಎಂದು ಅಲೆಯುತ್ತಲೇ ಇರುತ್ತದೆ. ಅವನು ಕೂತು ಪೂರ್ತಿ ಲೋಟ ಚಹಾ ಕುಡಿದದ್ದನ್ನು ನಾನಂತೂ ಕಂಡಿಲ್ಲ. ಅರ್ಧಕ್ಕೇ ಎದ್ದು "ಬಂದೆ ತಡೀರಿ" ಎಂದು ಹೋದವನು ಬರುವುದು ಮರುದಿನ.

ಕಂಡ ಹೂವನ್ನು ಮುಟ್ಟುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಜಾಗವನ್ನಂತೂ ಸತ್ತರೂ ಬಾಯಿಬಿಡುವುದಿಲ್ಲ. ಒಮ್ಮೆ ಹೇಳಿದ್ದಕ್ಕೆ ಯಾರೋ ಬುಡಸಮೇತ ಕಿತ್ತು ಕಾರಿನಲ್ಲಿ ಒಯ್ದರಂತೆ. "ಹೇಳಿದ್ರೆ ಹಾಳು ಮಾರಾಯ್ರೆ" ಎನ್ನುವುದು ಅಂದಿನಿಂದ ಅವನ ಮಂತ್ರ.

ಮುಂಗಾರಿಗೆ ಮೊದಲು ತಂತಿಗೆ ತಾಗುವ ಕೊಂಬೆಗಳನ್ನು ಕಡಿಯಬೇಕು. ಮರದ ಮೇಲೆ ಬೆಳೆದು ಬಿಳಿ-ನೇರಳೆ ಜಡೆಯಾಗಿ ಇಳಿಬೀಳುವ ಸೀತಾಳೆದಂಡೆ ಅರಳುವುದೂ, ಗ್ರಹಚಾರ ನೋಡಿ, ಆಗಲೇ! ಹೋದ ವರ್ಷ ಹೇರೂರಿನಾಚೆ, ಎಪ್ಪತ್ತು ದಾಟಿದ ಚೌಡಮ್ಮನ ಹಿತ್ತಲ ಮಾವಿನ ಕೊಂಬೆಯಲ್ಲಿ ಏಳು ದಂಡೆ ಇಳಿದಿದ್ದವು. ಕತ್ತಿ ಎತ್ತಿದ, ಮನಸ್ಸು ಬರಲಿಲ್ಲ, ಇಳಿಸಿದ. ಇನ್ನೆಂಟು ದಿನ, ಹೂ ಉದುರಿದ ಮೇಲೆ ಕಡಿದರಾಯಿತು ಎಂದುಕೊಂಡ. ದಿನಕ್ಕೆರಡು ಸಲ ಬೈಕಿನಲ್ಲಿ ಹೋಗಿ ಹೂವನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ಬರುತ್ತಿದ್ದ, ಅನ್ನ ಸೇರುತ್ತಿರಲಿಲ್ಲ. ಆರನೆಯ ಸಂಜೆ ಗಾಳಿಮಳೆ ಎದ್ದು ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ಕರೆಂಟ್ ಹೋದ ಕತ್ತಲಲ್ಲಿ ಚೌಡಮ್ಮ ಮೆಟ್ಟಿಲು ತಪ್ಪಿ ಬಲಗೈ ಮುರಿದುಕೊಂಡಳು.

ತಪ್ಪನ್ನು ಗಾಳಿಯ ಮೇಲೆ ಹಾಕಿ ಸುಮ್ಮನಿದ್ದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಇರಲಾರದೆ ಅವಳ ಮನೆಗೆ ಹೋದ, ನನ್ನನ್ನೂ ಎಳೆದುಕೊಂಡು. ಪಟ್ಟಿ ಕಟ್ಟಿದ ಕೈ ಕಂಡು ತೊದಲುತ್ತಲೇ ಎಲ್ಲವನ್ನೂ ಹೇಳಿದ. ಚೌಡಮ್ಮ ಬೈಯಲಿಲ್ಲ.

"ಏಳು ದಂಡೆ ಇತ್ತಾ?" ಎಂದಳು.

"ಏಳು, ಚಿಕ್ಕಮ್ಮ."

"ನಂಗೆ ಕಣ್ಣು ಮಂಜು, ಅಷ್ಟು ಮೇಲಿಂದು ಕಾಣೂದಿಲ್ಲ. ಕೈ ಕೂಡ್ತದೆ ಬಿಡು. ನಮ್ಮನೆ ಹಿತ್ತಲ ಹೂವು, ಒಂದು ಮಾತು ಹೇಳೂಕೆ ನಿಂಗೆಂತ ಆಗಿತ್ತು? ಕಿತ್ಕಂಡ್ ಹೋಗ್ತಿದ್ನಾ ನಾನು?"

ವೆಂಕಟ್ರಮಣ ತಲೆ ತಗ್ಗಿಸಿದ.

ಕಾಡಿನ ಚೆಲುವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಇಂಥವರು ಅಪರೂಪ. ಅವರಿಂದಲೇ ಅದಿಷ್ಟು ಉಳಿದಿದೆ ಎಂಬುದೂ ನಿಜ. ಆದರೆ ಕಿತ್ತವನೊಬ್ಬನ ಮೇಲಿನ ಸಿಟ್ಟಿಗೆ ಊರಿಗೆ ಊರನ್ನೇ ಕಳ್ಳರೆಂದು ಬಗೆಯುತ್ತಾರೆ. ಹೂವಿನ ಮಗ್ಗುಲಲ್ಲೇ ಬಾಳುವವರಿಗೂ ಅದನ್ನು ನೋಡುವ ಆಸೆಯಿದ್ದೀತೆಂದು ಹೊಳೆಯುವ ಹೊತ್ತಿಗೆ, ತೋರಿಸೋಣವೆಂದರೆ ಕೊಂಬೆಯೇ ಇರುವುದಿಲ್ಲ.