ಬೇರಿನ ಆಳ ಹೇಳದ ಪೆಟ್ಟಿಗೆ

"ಆ ಚಿನ್ನಕ್ಕೆ ಕೈ ಹಾಕಿದರೆ ಕೈ ಮುರಿದು ಹಾಕ್ತೀನಿ! ನೀನು ಡಾಕ್ಟರ್ ಆಗಿದ್ರೆ ನಿಮ್ಮನೇಲಿ!"

ಹಲ್ಲಿನ ಆಸ್ಪತ್ರೆಯ ಪರದೆಯ ಒಳಗಿಂದ ಅಮ್ಮನ ಗಂಟಲು. ಕೆಳಗಿನ ಬಜಾರಿಗೂ ಕೇಳಿಸಿರಬೇಕು.

"ಅಮ್ಮಾ, ಮೊದಲು ಕೂತ್ಕೊಳ್ಳಿ. ಆ ಮೊಳೆ ತೆಗೀದೆ ನಾನು ಮುಂದಕ್ಕೆ ಹೋಗೋ ಹಾಗಿಲ್ಲ."

"ಮೊಳೆ ಅಂತೆ ಮೊಳೆ! ಬಾಗಿಲಿಗೆ ಹೊಡೆದದ್ದಾ ಅದು? ನನ್ನ ಮಗನ ಮದುವೆ ಚಿನ್ನ ಕಣೇ!"

ನಾನು ಪರದೆಯ ಹೊರಗೆ ನಿಂತು ಹಲ್ಲು ಕಡಿಯುತ್ತಿದ್ದೆ. ಒಳಗೆ ಹೋಗುವಂತಿರಲಿಲ್ಲ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳು ಮೋಂಘೀ, ನನ್ನ ತಮ್ಮ ಜಾದವನ ಹೆಂಡತಿ. ನಮ್ಮಲ್ಲಿ ಗಂಡನ ಅಣ್ಣನಿಗೆ ಹೆಂಗಸು ಮುಖ ತೋರಿಸುವುದಿಲ್ಲ, ಎದುರು ನಿಂತು ಮಾತನಾಡುವುದಿಲ್ಲ. ಎಷ್ಟೋ ವರ್ಷದಿಂದ ಅವಳು ಬಡಿದ ಸಜ್ಜೆ ರೊಟ್ಟಿ ತಿನ್ನುತ್ತಿದ್ದೆ, ಅವಳ ಮೂಗು ಹೇಗಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಸೆರಗಿನೊಳಗೆ ಮುಖ ಊದಿದೆ ಎಂದು ನನಗೆ ತಿಳಿದದ್ದೂ ಅಮ್ಮ ಹೇಳಿದ ಮೇಲೆಯೇ.

ಹೋದ ವರ್ಷ ನೂಲುಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು, ಮರುದಿನ ಜಾದವ ನಮ್ಮ ವೆರಾವಳ ಬಂದರಿನಿಂದ ದೋಣಿ ಬಿಟ್ಟ. ತಿರುಗಿ ಬರಲಿಲ್ಲ. ಹಲಗೆ ತೇಲಿ ಬರಲಿಲ್ಲ, ಬಲೆ ಬರಲಿಲ್ಲ, ಹೆಣ ಬರಲಿಲ್ಲ. ಗಡಿಯಾಚೆಯವರು ಹಿಡಿದು ಕರಾಚಿ ಜೈಲಿಗೆ ಹಾಕಿರಬಹುದು ಎಂದು ಕಾದೆವು. ಅಲ್ಲಿಂದ ಬಿಡುಗಡೆಯಾಗಿ ಬಂದವರ ಮನೆಮನೆಗೆ ಹೋಗಿ ಕೇಳಿದೆವು. ಯಾರೂ ಕಂಡಿರಲಿಲ್ಲ. ಅಮ್ಮ ಇನ್ನೂ ಅವನ ತಟ್ಟೆ ತೊಳೆದಿಡುತ್ತಾಳೆ. ಮೋಂಘೀಯ ಕೈಯಲ್ಲಿ ಬಳೆ ಇತ್ತು, ಹಣೆಯಲ್ಲಿ ಕುಂಕುಮ ಇತ್ತು, ಮುಂದಿನ ಹಲ್ಲಿನಲ್ಲಿ ಚಿನ್ನ ಇತ್ತು. ಮದುವೆಯಾದಾಗ ಅಮ್ಮನೇ ಅವಳನ್ನು ಅಕ್ಕಸಾಲಿಗನ ಹತ್ತಿರ ಕೂರಿಸಿ, ಹಲ್ಲು ಕೊರೆಸಿ, ಆ ಚಿನ್ನದ ಮೊಳೆ ಹಾಕಿಸಿದ್ದಳು. ನಮ್ಮ ಮನೆಯಲ್ಲಿ ಅದನ್ನು ತೆಗೆಯುವುದು ಬಳೆ ಒಡೆಯುವ ದಿನ ಮಾತ್ರ.

ಡಾಕ್ಟರ್ ಹೇತಲ್ ಪರದೆ ಸರಿಸಿ ಹೊರಗೆ ಬಂದಳು. ನನ್ನ ಮಗಳ ವಯಸ್ಸಿನವಳು. ಕೈಯಲ್ಲಿ ಸಾಬೂನಿನಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೆ ಎರಡು ತಂತಿ.

"ವಾಲಜಿಭಾಯ್, ನೀವಾದ್ರೂ ಕೇಳಿ. ಈ ಕೊಕ್ಕೆ ತುಟಿಗೆ ಹಾಕ್ತೀವಿ. ಇನ್ನೊಂದನ್ನು ಸಣ್ಣ ಸೂಜಿಗೆ ಸಿಕ್ಕಿಸ್ತೀವಿ. ಸೂಜಿ ಹಲ್ಲಿನ ಬೇರಿನೊಳಗೆ ಇಳೀತಾ ಹೋದ ಹಾಗೆ ಇದು ಟಿಕ್ ಟಿಕ್ ಅನ್ನುತ್ತೆ. ಬೇರಿನ ತುದಿ ಮುಟ್ಟಿದಾಗ ಒಂದೇ ಸಮ ಕೂಗುತ್ತೆ. ಅಲ್ಲಿಗೆ ಬೇರು ಮುಗೀತು ಅಂತ ಲೆಕ್ಕ."

"ನಮ್ಮ ದೋಣೀಲೂ ಇದೆ, ತಳ ನೋಡೋ ಯಂತ್ರ," ಎಂದೆ.

"ಹಾಂ, ಅದೇ. ಆದರೆ ಇಲ್ಲಿ ಸೂಜಿ ಒಳಗೆ ಹೋಗೋದೇ ತಡ, ಚಿನ್ನ ತಗಲುತ್ತೆ. ಇದು ಬಾಯಿ ಬಡ್ಕೊಳ್ಳೋಕೆ ಶುರು ಮಾಡುತ್ತೆ. ಬೇರು ಇನ್ನೂ ಶುರುವೇ ಆಗಿರಲ್ಲ, ಮುಗೀತು ಅನ್ನುತ್ತೆ."

ಅದೂ ನನಗೆ ಅರ್ಥವಾಯಿತು. ದಟ್ಟವಾದ ಮೀನಿನ ಹಿಂಡು ಅಡ್ಡ ಬಂದರೆ ನಮ್ಮ ಯಂತ್ರವೂ ಅದನ್ನೇ ತಳ ಎಂದು ತೋರಿಸುತ್ತದೆ. ಕೆಳಗೆ ನೀರು ಇದ್ದೇ ಇರುತ್ತದೆ.

"ಎಕ್ಸ್‌ರೇ ಫೋಟೋ ತೆಗೆದಿದ್ದೀರಲ್ಲ, ಅದರಲ್ಲಿ ಅಳೀರಿ!"

"ಈ ಬೇರಿನ ತುದಿ ತುಟಿ ಕಡೆಗೆ ಬಾಗಿದ ಹಾಗಿದೆ. ಫೋಟೋ ಅದನ್ನು ಸರಿಯಾಗಿ ಹೇಳಲ್ಲ. ಅಳತೆ ತಪ್ಪಿದ್ರೆ ಕೀವು ಒಳಗೇ ಉಳಿಯುತ್ತೆ. ಅದೂ ಅಲ್ದೆ ಕೀವು ಆಗಿರೋದೇ ಆ ಮೊಳೆಯಿಂದ. ಅಕ್ಕಸಾಲಿಗ ಹಲ್ಲಿನ ಜೀವದವರೆಗೂ ಕೊರೆದಿದ್ದಾನೆ."

ನನ್ನ ತಲೆ ಕೆಟ್ಟಿತು. "ಹಾಳಾಗಿ ಹೋಗ್ಲಿ, ಹಲ್ಲೇ ಕಿತ್ತು ಬಿಸಾಕಿ!"

ಒಳಗಿಂದ ಅಮ್ಮ: "ಹಲ್ಲು ಕಿತ್ರೆ ಚಿನ್ನ ಗಾಳೀಲಿ ನಿಲ್ಲುತ್ತೇನೋ, ಮುಠ್ಠಾಳ!"

"ಹಾಗಾದ್ರೆ ತೆಗೆದು, ವಾಸಿಯಾದ ಮೇಲೆ ಮತ್ತೆ ಹಾಕಿಸಿದ್ರಾಯ್ತು!"

"ಯಾರ ಹೆಸರಲ್ಲಿ ಹಾಕಿಸ್ತೀಯೋ? ಗಂಡ ಪಕ್ಕದಲ್ಲಿ ಕೂತಿರಬೇಕು. ಕರ್ಕೊಂಡು ಬಾ ಅವನನ್ನ, ನಾನೇ ಹಾಕಿಸ್ತೀನಿ!"

"ಮುಖ ಕುಂಬಳಕಾಯಿ ಆಗಿದೆ ಅಂತ ನೀನೇ ಹೇಳಿದ್ಯಲ್ಲ! ನಾಳೆ ಕೀವು ಕಣ್ಣಿಗೆ ಹೋದ್ರೆ?"

"ಕೂಗಬೇಡಿ ಅಣ್ಣಾ," ಎಂದಳು ಹೇತಲ್, "ನೀವು ಕೂಗಿದ್ರೆ ಈ ಪೆಟ್ಟಿಗೆ ಹೆದರಿ ನಿಜ ಹೇಳುತ್ತಾ?"

ಆಗ ಒಳಗಿಂದ ಮೋಂಘೀಯ ದನಿ ಬಂತು. ಮದ್ದು ಚುಚ್ಚಿದ ಬಾಯಿ ಜೋಮು ಹಿಡಿದು ತೊದಲುತ್ತಿತ್ತು. "ಡಾಕ್ಟರೇ, ಇನ್ನೊಂದು ಸಲ ಇಟ್ಟು ನೋಡಿ."

ಹೇತಲ್ ಒಳಗೆ ಹೋದಳು. ಹತ್ತಿ ಒತ್ತುವುದು, ಗಾಳಿ ಊದುವುದು ಕೇಳಿಸಿತು. ಆಮೇಲೆ ಟಿಕ್. ಸ್ವಲ್ಪ ತಡೆದು, ಟಿಕ್. ಪರದೆ ಹಿಡಿದುಕೊಂಡು ನಾನು ಮೂರ್ಖನ ಹಾಗೆ ದೇವರನ್ನು ನೆನೆದೆ. ಇಳಿ, ಇನ್ನೂ ಇಳಿ. ಇನ್ನೊಂದು ಟಿಕ್ ಆಯಿತು. ಅಷ್ಟರಲ್ಲಿ ಪೆಟ್ಟಿಗೆ ಒಂದೇ ಸಮ ಕಿರುಚಿತು.

"ಚಿನ್ನ," ಎಂದಳು ಹೇತಲ್. ಸದ್ದು ನಿಂತಿತು.

"ಸೂಜಿ ತೆಗೀರಿ, ಒಂದು ಮಾತು ಹೇಳ್ಬೇಕು," ಎಂದಳು ಮೋಂಘೀ. ನನ್ನೊಡನೆ ಮಾತನಾಡುವಂತಿಲ್ಲವಲ್ಲ, ಡಾಕ್ಟರಿಗೆ ಹೇಳಿದಳು. "ನಮ್ಮ ಭಾವನವರು ದೋಣಿ ನಡೆಸಿದವರು, ಸಮುದ್ರ ಕಂಡವರು. ಅವರನ್ನು ಕೇಳಿ. ನಮ್ಮ ಯಜಮಾನ್ರು ಇನ್ನಿಲ್ಲ ಅಂದ್ರೆ ಚಿನ್ನ ತೆಗೀರಿ. ಇದ್ದಾರೆ ಅಂದ್ರೆ ಬಿಡಿ, ನೋವು ನಾನು ನೋಡ್ಕೋತೀನಿ. ಎರಡರಲ್ಲಿ ಒಂದು ಹೇಳ್ಲಿ. ನಂಗೆ ಸಾಕಾಗಿದೆ."

ಬಂದರಿನಲ್ಲಿ ನನ್ನ ಗಂಟಲಿಗೆ ಹೆಸರಿದೆ. ಇಂಜಿನ್ನಿನ ಸದ್ದಿನ ಮೇಲೂ ದೋಣಿಯಿಂದ ದೋಣಿಗೆ ಕೇಳುವಂಥದ್ದು. ಅಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಇಲ್ಲ ಎಂದರೆ ಅಮ್ಮನ ಮುಂದೆ ನಾನೇ ತಮ್ಮನನ್ನು ಮುಳುಗಿಸಿದ ಹಾಗೆ. ಇದ್ದಾನೆ ಎಂದರೆ ಆ ಕೀವಿನ ಜೊತೆಗೇ ಅವಳನ್ನು ಮನೆಗೆ ಕರೆದೊಯ್ಯಬೇಕು, ಇನ್ನೆಷ್ಟು ವರ್ಷವೋ. ನನಗೆ ಗೊತ್ತಿದ್ದರೆ ಯಾವುದೋ ಒಂದನ್ನು ಹೇಳುತ್ತಿದ್ದೆ. ನನಗೆ ಗೊತ್ತಿರಲಿಲ್ಲ.

"ಹೇಳೋ," ಎಂದಳು ಅಮ್ಮ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಸದ್ಯಕ್ಕೆ... ಮಾತ್ರೆ ಏನಾದ್ರೂ ಕೊಡಿ," ಎಂದೆ.

"ಎರಡು ಸಲ ಕೊಟ್ಟಾಯ್ತಲ್ಲ ಅಣ್ಣಾ," ಎಂದಳು ಹೇತಲ್.

ಒಳಗೆ ಕುರ್ಚಿ ಕಿರುಗುಟ್ಟಿತು. ತುಟಿಯ ಕೊಕ್ಕೆ ಸ್ಟೀಲ್ ತಟ್ಟೆಗೆ ಬಿದ್ದ ಸದ್ದಾಯಿತು. ಮೋಂಘೀ ಪರದೆ ಸರಿಸಿ ಹೊರಗೆ ಬಂದಳು. ಯಾವಾಗಲೂ ಗೋಡೆಗೆ ಒತ್ತಿಕೊಂಡು ಸರಿದು ಹೋಗುವವಳು ಈ ಸಲ ನನ್ನ ಎದುರಿಗೇ ನಿಂತಳು. ಸೆರಗು ಎತ್ತಿದಳು. ಒಂದು ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ತುಟಿಯ ಸಂದಿನಲ್ಲಿ ಚಿನ್ನ. ನಾನು ತಲೆ ತಗ್ಗಿಸಿದೆ. ನಾಚಿಕೆಯೋ, ರೂಢಿಯೋ, ಹೇಡಿತನವೋ. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೆಳಗಿಳಿಯಿತು.

"ಹೋಗೋ, ಕರ್ಕೊಂಡು ಬಾ," ಎಂದು ಅಮ್ಮ ಹೊರಗೆ ಬಂದು ನನ್ನ ಬೆನ್ನಿಗೆ ಗುದ್ದಿದಳು.

ಕಿಟಕಿಗೆ ಹೋದೆ. ಅವಳು ನಾವು ಬಂದ ರಿಕ್ಷಾ ದಾಟಿದಳು. ಮನೆಯ ಕಡೆಯ ಓಣಿಯನ್ನೂ ದಾಟಿದಳು. ಬಸ್ ನಿಲ್ದಾಣದ ಕಡೆಗೆ ಹೊರಳಿದಳು. ಒಮ್ಮೆ ಕೂಗಿದ್ದರೆ ಸಾಕಿತ್ತು, ಇಡೀ ಬಜಾರು ತಿರುಗಿ ನೋಡುತ್ತಿತ್ತು. ತಮ್ಮನ ಹೆಂಡತಿಯ ಹೆಸರು ಹಿಡಿದು ನಾನು ಎಂದೂ ಕೂಗಿದವನಲ್ಲ. ಕೂಗಿ, ಅವಳು ನಿಂತಿದ್ದರೆ, ಹೇಳುವುದಕ್ಕಾದರೂ ನನ್ನಲ್ಲಿ ಏನಿತ್ತು?

ಹೇತಲ್ ಬಹಳ ಹೊತ್ತು ಆ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಿಸಲಿಲ್ಲ. ಅಮ್ಮ ಮೆಟ್ಟಿಲ ತುದಿಯಲ್ಲಿ ಕುಳಿತು ಪ್ರತಿ ಚಪ್ಪಲಿಯ ಸದ್ದಿಗೂ ಕತ್ತು ಚಾಚಿದಳು. ಮೋಂಘೀ ಬರಲಿಲ್ಲ. ಆ ಕುರ್ಚಿಗೂ ಬರಲಿಲ್ಲ, ನಮ್ಮ ಅಂಗಳಕ್ಕೂ ಬರಲಿಲ್ಲ.